ಮುಚ್ಚಿದರೂ ಹೋಗದ ಹೆಸರು

ಬೆಟಗೇರಿಯ ಗೋಪಣ್ಣನ ಅಂಗಡಿಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಅದು ಗುಡಿಯಲ್ಲ, ದವಾಖಾನೆಯೂ ಅಲ್ಲ. ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಸಣ್ಣ ಖೋಲಿ. ಒಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕೂತರೆ ಕಿರುಗುಟ್ಟುವ ಎರಡು ಕುರ್ಚಿ, ಗೋಡೆಗೆ ಬನಶಂಕರಿಯ ಫೋಟೊ. ಆದರೂ ಚಪ್ಪಲಿ ಹೊರಗೇ. ಯಾಕೆಂದರೆ ಹತ್ತು ವರ್ಷದ ಹಿಂದೆ ಆ ಖೋಲಿಯಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ತುಳಿಯುವ ಕುಣಿಮಗ್ಗವಿತ್ತು, ಮಗ್ಗದ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ. ಮಗ್ಗ ಹೋಯಿತು, ಕುಣಿ ಮುಚ್ಚಿತು, ಮೇಲೆ ಟೈಲ್ಸ್ ಬಂತು. ಗೋಪಣ್ಣ ಮಾತ್ರ ಸರಿಯಾಗಿ ಆ ಕುಣಿಯ ಜಾಗದ ಮೇಲೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಅರ್ಜಿ ತುಂಬುವಾಗ ಅವನ ಕಾಲುಗಳು ಈಗಲೂ ಸುಮ್ಮನಿರುವುದಿಲ್ಲ. ಒಂದಾದ ಮೇಲೊಂದು ತುಳಿಯುತ್ತಲೇ ಇರುತ್ತವೆ.

ನಾನು ಅವನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತಳಾದೆ. ಓಣಿಯವರು ಎದುರಿಗೆ ಅಕ್ಕಾರು ಎನ್ನುತ್ತಾರೆ, ಹಿಂದಿನಿಂದ ಏನೆನ್ನುತ್ತಾರೋ ಅದೂ ನನಗೆ ಗೊತ್ತಿದೆ. ಗೋಪಣ್ಣ ನನಗಿಂತ ಹನ್ನೆರಡು ವರ್ಷ ಸಣ್ಣವನು, ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಓದಿದರೆ ಸಿಟ್ಟಾಗುತ್ತಾನೆ. ಆಗಲಿ. ಅವನ ಸಿಟ್ಟು ಒಂದು ಕಪ್ ಚಹಾ ಕುಡಿಯುವ ತನಕ ಉಳಿದರೆ ಹೆಚ್ಚು.

ಹದಿನಾಲ್ಕನೆಯ ವಯಸ್ಸಿಗೆ ಅವನು ಮಗ್ಗಕ್ಕೆ ಕೂತ, ನಲವತ್ತೈದಕ್ಕೆ ಎದ್ದ. ಎದ್ದದ್ದೂ ತಾನಾಗಿ ಅಲ್ಲ. ಹೆಂಡತಿ ಬನಶಂಕರೆವ್ವ ಎಬ್ಬಿಸಿದಳು. “ಮಗ್ಗಕ್ಕ ನೀವು ಬೇಕಾಗಿಲ್ಲ, ನಿಮಗ ಮಗ್ಗ ಬೇಕಾಗೇತಿ. ಎದ್ದು ಬ್ಯಾರೆ ಏನರೆ ಕಲೀರಿ,” ಎಂದು ಒಂದು ದಿನ ಅಂದಳಂತೆ. ಅವನು ಗದಗಿಗೆ ಹೋಗಿ ಮೂರು ತಿಂಗಳ ಕಂಪ್ಯೂಟರ್ ತರಗತಿಗೆ ಸೇರಿದ. ಹದಿನೆಂಟರ ಹುಡುಗಿಯರ ನಡುವೆ ಮೊದಲನೆಯ ಬೆಂಚಿನಲ್ಲಿ ಕೂತು, ಮಾಸ್ತರರು ಕೆಮ್ಮಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ದುಂಡಗೆ ಬರೆದುಕೊಂಡ. ಆ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ನನ್ನ ಶಾಲೆಯಲ್ಲಿ ಅಂಥ ಅಕ್ಷರಕ್ಕೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ, ಅರ್ಥಕ್ಕೆ ಎಷ್ಟು ಎಂಬುದು ಬೇರೆ ಮಾತು.

ಅದರಲ್ಲಿ ಕೆಂಪು ಗೆರೆ ಎಳೆದ ಒಂದು ಸಾಲು ಇತ್ತು: “ಸೆಷನ್ ಕುಕಿ ಬ್ರೌಸರ್ ಮುಚ್ಚುವ ತನಕ ಮಾತ್ರ ಇರುತ್ತದೆ. ಮುಚ್ಚಿದರೆ ಅಳಿಯುತ್ತದೆ.” ಇದೇನು ಎಂದು ನಾನು ಕೇಳಿರಲಿಲ್ಲ. ಗೋಪಣ್ಣ ಕೇಳದೇ ಹೇಳುವವನು.

“ಅಕ್ಕಾರ, ನೀವು ಒಂದ್ ಸೈಟಿನ್ಯಾಗ ಹೆಸರು, ಪಾಸ್‌ವರ್ಡ್ ಹಾಕಿ ಒಳಗ ಹೋದ್ರಿ ಅನ್ನಕೋರಿ. ಆ ಸೈಟು ನಿಮ್ಮ ಬ್ರೌಸರ್ ಕೈಯಾಗ ಒಂದ್ ಚೀಟಿ ಕೊಡತೈತಿ. ಮುಂದ ಪುಟಪುಟಕ್ಕೂ ನೀವು ಯಾರು ಅಂತ ಕೇಳೂದಿಲ್ಲ, ಆ ಚೀಟಿ ನೋಡತೈತಿ. ಬ್ರೌಸರ್ ಮುಚ್ಚಿದ್ರ ಚೀಟಿ ಹರದು ಹೋತು. ಅಷ್ಟ.”

“ಹಂಗಾರ ಲಾಗ್‌ಔಟ್ ಅಂತ ಒಂದ್ ಗುಂಡಿ ಯಾಕ ಇಟ್ಟಾರ?” ಎಂದೆ.

“ಅದು ಅಂಜುಬುರಕರಿಗೆ ಇಟ್ಟಾರರಿ,” ಎಂದ.

ಹೀಗಾಗಿ ಗೋಪಣ್ಣ ಹತ್ತು ವರ್ಷದಲ್ಲಿ ಯಾರ ಖಾತೆಯಲ್ಲೂ ಲಾಗ್‌ಔಟ್ ಒತ್ತಿದವನಲ್ಲ. ಒಬ್ಬರ ಕೆಲಸ ಮುಗಿದ ಕೂಡಲೇ ಮೂಲೆಯ × ಗುರುತಿನ ಕಾಟು ಒತ್ತಿ ಬ್ರೌಸರ್ ಮುಚ್ಚುತ್ತಿದ್ದ, ಮುಂದಿನವರನ್ನು ಕರೆಯುತ್ತಿದ್ದ. ಕೆಲಸವೇನೋ ಅಚ್ಚುಕಟ್ಟು. ಅವನು ತುಂಬಿದ ಅರ್ಜಿ ತಿರುಗಿ ಬಂದದ್ದಿಲ್ಲ. ಒಂದೊಂದು ಅಕ್ಷರವನ್ನೂ ಎಳೆಯಲ್ಲಿ ಗಂಟು ಹುಡುಕಿದ ಹಾಗೆ ಹುಡುಕುತ್ತಿದ್ದ. ಅದಕ್ಕೇ ಮಲ್ಲಸಮುದ್ರದಿಂದ, ಲಕ್ಷ್ಮೇಶ್ವರದ ಕಡೆಯ ಯಳವತ್ತಿಯಿಂದಲೂ ಜನ ಬರುತ್ತಿದ್ದರು. ಅದಕ್ಕೇ ಅವನಿಗೆ ಸ್ವಲ್ಪ ತಲೆಯೂ ತಿರುಗಿತ್ತು.

ಈಗ ಮಗ್ಗದ ಮಾತು. ಸೀರೆ ನೇಯ್ದು ಮುಗಿದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಹಾಸಿನ, ಅಂದರೆ ಉದ್ದನೆಯ ಎಳೆಗಳ, ತುದಿಯನ್ನು ಮಗ್ಗದ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಾಗೆ ಮಾಡದಿದ್ದರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸುತ್ತ ಕೂರಬೇಕು. ಬರಿದಾದ ಮಗ್ಗ ಮನೆಗೆ ಒಳ್ಳೆಯದಲ್ಲ ಎಂಬ ಮಾತೂ ಇದೆ. ಗೋಪಣ್ಣನ ಮನೆಯಲ್ಲಿ ಮೂರು ತಲೆಮಾರು ಯಾರೂ ಮಗ್ಗ ಬರಿದು ಮಾಡಿ ಮಲಗಿದವರಲ್ಲ.

ಅಂಥವನು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಬ್ರೌಸರ್ ಬೆಳ್ಳಗೆ, ಖಾಲಿಯಾಗಿ ತೆರೆದುಕೊಳ್ಳುತ್ತಿತ್ತು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ತನ್ವೀರನನ್ನು ಕರೆಸಿದ. “ಮುಚ್ಚಿ ತಗದ್ರೂ ಹಿಂದ ಎಲ್ಲಿ ಬಿಟ್ಟಿದ್ದೆ ಅಲ್ಲಿಂದನ ಶುರು ಆಗಬೇಕು ನೋಡಪಾ, ಹಂಗ ಮಾಡಿ ಕೊಡು,” ಎಂದ. ತನ್ವೀರ ಸೆಟ್ಟಿಂಗ್ಸಿಗೆ ಹೋಗಿ ಒಂದು ಚುಕ್ಕೆ ಒತ್ತಿದ. “ಕಾಕಾ, ಇದು ಹಿಂಗ ಇಟ್ಟಮ್ಯಾಲ ಲಾಗ್‌ಔಟ್ ಮಾಡೂದ ಮರೀಬ್ಯಾಡ್ರಿ,” ಎಂದೂ ಹೇಳಿದ. ಗೋಪಣ್ಣ ತಲೆಯಾಡಿಸಿದ. ಸಕ್ಕರೆ ಬಿಡಿ ಎಂದು ಡಾಕ್ಟರರು ಹೇಳಿದಾಗಲೂ ಅವನು ಹಾಗೇ ತಲೆಯಾಡಿಸುತ್ತಾನೆ.

ಬ್ರೌಸರ್ ಮುಚ್ಚಿದರೆ ಎಲ್ಲ ಅಳಿಯುತ್ತದೆ ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ಮುಚ್ಚಿದರೂ ಏನೂ ಅಳಿಯಬಾರದು ಎಂದು ಅವನೇ ಕೇಳಿ ಮಾಡಿಸಿಕೊಂಡಿದ್ದ. ಎರಡೂ ಒಟ್ಟಿಗೆ ನಿಜವಾಗಲಾರವು ಎಂದು ನಾಲ್ಕನೆಯ ಇಯತ್ತೆಯ ಮಗುವಿಗೂ ತಿಳಿಯುತ್ತದೆ. ಗೋಪಣ್ಣ ಎರಡನ್ನೂ ನಂಬಿದ, ಆ ಹೊತ್ತಿಗೆ ಯಾವುದು ಬೇಕೋ ಅದನ್ನು.

ಈ ಜೂನಿನ ಒಂದು ಗುರುವಾರ ಶಂಕ್ರೆವ್ವ ಮಗಳು ವಿದ್ಯಾಶ್ರೀಯನ್ನು ಕರೆದುಕೊಂಡು ಅವನ ಅಂಗಡಿಗೆ ಬಂದಳು. ಶಂಕ್ರೆವ್ವ ನಮ್ಮ ಹಿಂದಿನ ಓಣಿಯವಳು. ಗಂಡ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ, ಯಾರದಾದರೂ ಮಗ್ಗಕ್ಕೆ ಹಾಸು ಕೆಚ್ಚುವುದಿದ್ದರೆ ಹೋಗುತ್ತಾಳೆ. ಗೋಪಣ್ಣನ ಮಗ್ಗಕ್ಕೂ ಇಪ್ಪತ್ತು ವರ್ಷ ಅವಳೇ ಕೆಚ್ಚಿದವಳು. ವಿದ್ಯಾಶ್ರೀ ನನ್ನ ಕೈಯಲ್ಲಿ ಅ ಆ ಇ ಈ ತಿದ್ದಿದ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತೊಂದು ತೆಗೆದಿದ್ದಳು. ಡಿಪ್ಲೊಮಾಕ್ಕೆ ಸೇರಿ ಎಲೆಕ್ಟ್ರಾನಿಕ್ಸ್ ಓದಬೇಕೆಂದು ಹಟ. ತಾಯಿ ಒಪ್ಪಿದಳು, ಒಂದೇ ಕರಾರಿನ ಮೇಲೆ: ಗದಗಿನಲ್ಲೇ ಓದಬೇಕು, ಸಂಜೆ ದೀಪ ಹಚ್ಚುವುದರೊಳಗೆ ಮನೆಯಲ್ಲಿರಬೇಕು. “ಹಾಸ್ಟೆಲ್ ಗೀಸ್ಟೆಲ್ ಅಂದ್ರ ಕಾಲೇಜ ಬ್ಯಾಡ,” ಎಂದಿದ್ದಳು.

ಅದೇ ಪ್ರಕಾರ ಗೋಪಣ್ಣ ಪಾಸ್‌ವರ್ಡ್, ಶಂಕ್ರೆವ್ವನ ಫೋನಿಗೆ ಬಂದ ಓಟಿಪಿ ಹಾಕಿ, ಸೀಟು ಹಂಚುವ ಸೈಟಿನಲ್ಲಿ ಹುಡುಗಿಯ ಖಾತೆ ತೆರೆದು ಗದಗಿನ ಕಾಲೇಜುಗಳನ್ನೇ ಕ್ರಮವಾಗಿ ಆಯ್ಕೆ ಮಾಡಿ ಹಾಕಿಕೊಟ್ಟ. ಉಳಿಸಿದ. ಕಾಟು ಒತ್ತಿ ಬ್ರೌಸರ್ ಮುಚ್ಚಿದ. ತಾಯಿ ಕಾಯಿಪಲ್ಲೆ ತರಲು ಬಜಾರಿಗೆ ಹೋದಳು. ಮಗಳು ಫೋನು ಹಿಡಿದುಕೊಂಡು, ಗೆಳತಿ ರೋಹಿಣಿಯ ಮನೆಗೆ ಹೋಗಿ ಬರುತ್ತೇನೆಂದು ಅತ್ತ ಹೋದಳು.

ಸೋಮವಾರ ಬೆಳಿಗ್ಗೆ ಶಂಕ್ರೆವ್ವ ಆ ಫೋನು ಹಿಡಿದು ನನ್ನ ಮನೆಗೆ ಬಂದಳು, ಹಿಂದೆ ವಿದ್ಯಾಶ್ರೀ. ಶಂಕ್ರೆವ್ವನಿಗೆ ಓದಲು ಬರುವುದಿಲ್ಲ. ಮಗಳು ಓದಿ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಖರೆ ಸೀಟು ಹಂಚುವ ಮೊದಲು ಮಾಕ್ ಎಂದು ಒಂದು ತಾತ್ಕಾಲಿಕ ಪಟ್ಟಿ ಬಿಡುತ್ತಾರೆ. ಅದನ್ನು ನೋಡಿ ಆಯ್ಕೆ ಬದಲಿಸುವುದಿದ್ದರೆ ಮರುದಿನ ಸಂಜೆ ಐದರವರೆಗೆ ಬದಲಿಸಬಹುದು. ಆ ಪಟ್ಟಿಯ ಸಂದೇಶ ಬಂದಿತ್ತು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಆಟೊಮೊಬೈಲ್ ಎಂಜಿನಿಯರಿಂಗ್, ವಿಜಯಪುರ.

“ಇಜಾಪುರ?” ಎಂದಳು ಶಂಕ್ರೆವ್ವ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು ನಾನು. ಆದರೆ ಮೂವತ್ತೆರಡು ವರ್ಷದ ಚಟ, ಪಾಠ ಕೈಗೆ ಬಂದರೆ ಪೂರ್ತಿ ಓದಬೇಕು. ಹಿಂದಿನ ಸಂದೇಶಗಳನ್ನೂ ತೆಗೆದು ಓದಿದೆ. ಗುರುವಾರ ಹನ್ನೊಂದೂವರೆಗೆ ಒಂದು: ನಿಮ್ಮ ಆಯ್ಕೆಗಳು ದಾಖಲಾಗಿವೆ. ಅದೇ ದಿನ ಹನ್ನೆರಡು ಹತ್ತಕ್ಕೆ ಇನ್ನೊಂದು: ನಿಮ್ಮ ಆಯ್ಕೆಗಳು ಬದಲಾಗಿವೆ. ದಿನಕ್ಕೆ ನಲವತ್ತು ಜಾಹೀರಾತು ಬರುವ ಆ ಫೋನಿನಲ್ಲಿ ಇದನ್ನು ಯಾರೂ ನೋಡಿರಲಿಲ್ಲ.

“ಹನ್ನೆರಡಕ್ಕ ಫೋನು ನಿನ್ನ ಕೈಯಾಗಿತ್ತು,” ಎಂದಳು ಶಂಕ್ರೆವ್ವ, ಮಗಳ ಕಡೆ ತಿರುಗಿ. “ರೋಹಿಣಿ ಮನಿಗೆ ಹೊಂಟೀನಿ ಅಂದಿ.”

“ರೋಹಿಣಿ ಮನಿಗೇ ಹೋಗಿದ್ನಿ ಯವ್ವಾ. ಆಕೀನ ಕೇಳು ಬೇಕಾರ.”

“ಗೆಳತ್ಯಾರು ಗೆಳತ್ಯಾರ ಪರಾನ ಮಾತಾಡ್ತಾರ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಏನಂದೆ ಗೊತ್ತೇ? “ವಿದ್ಯಾ, ಖರೆ ಹೇಳು,” ಎಂದೆ. ಪೆನ್ಸಿಲ್ ಕದ್ದ ಮಕ್ಕಳನ್ನು ಕೇಳುತ್ತಿದ್ದ ಅದೇ ದನಿಯಲ್ಲಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬೇರೆಯವರ ತಪ್ಪು ಬರೆಯಲು ಹೊರಟವಳು ನನ್ನದನ್ನು ಮುಚ್ಚಿಡಬಾರದು.

“ನಾ ಮಾಡಿಲ್ಲರಿ ಅಕ್ಕಾರ,” ಎಂದಳು. ಅಷ್ಟೇ.

ಮೂವರೂ ಗೋಪಣ್ಣನ ಅಂಗಡಿಗೆ ಹೋದೆವು. ಅವನಿಗೆ ಆಗ ಸರದಿಯಲ್ಲಿ ಐದಾರು ಜನ. ಕೇಳಿದ ಕೂಡಲೇ ಎದೆ ಸೆಟೆಸಿದ. “ನನ್ನ ಕೈಯಾಗ ತಪ್ಪಾಗಂಗಿಲ್ಲ ಶಂಕ್ರವ್ವ. ನಾ ಬರೋಬ್ಬರಿ ಗದಗ ಹಾಕೀನಿ. ಆಮ್ಯಾಲ ಯಾರರೆ ಬದಲಿ ಮಾಡ್ಯಾರ. ಬ್ಯಾರೆ ಅಂಗಡಿ ಏನು ಕಡಿಮಿ ಅದಾವೇನು ಊರಾಗ?” ಎಂದ. ಸರದಿಯಲ್ಲಿದ್ದವರೆಲ್ಲ ಹುಡುಗಿಯನ್ನು ನೋಡಿದರು.

ಶಂಕ್ರೆವ್ವ ಬೈಯಲಿಲ್ಲ, ಅಳಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸಾಕು. ಸುಳ್ಳು ಹೇಳೂದು ಕಲಿಯಾಕ ಕಾಲೇಜಿಗೆ ಹೋಗೂದು ಬ್ಯಾಡ. ನಾಳಿಂದ ಕಂಡಿಕಿ ಸುತ್ತಾಕ ಕುಂಡ್ರು,” ಎಂದು ಮಗಳನ್ನು ಕರೆದುಕೊಂಡು ಹೋದಳು. ಬದಲಿಸಲು ಮಂಗಳವಾರ ಸಂಜೆ ಐದರ ತನಕ ಸಮಯವಿತ್ತು. ಆದರೆ ಓಟಿಪಿ ಬರುವ ಫೋನು ಶಂಕ್ರೆವ್ವನ ಸೊಂಟದಲ್ಲಿತ್ತು.

ಮಂಗಳವಾರ ಹನ್ನೊಂದರ ಸುಮಾರಿಗೆ ಗೋಪಣ್ಣನ ಅಂಗಡಿಯಲ್ಲಿ ಯಾರೋ ಜೋರಾಗಿ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸಿತು. ನಾನು ಹೋದೆ. ಜಗಳ ಕೇಳಿದರೆ ಹೋಗುವವಳು ಎಂದು ನನಗೆ ಹೆಸರಿದೆ, ಅದು ಸುಳ್ಳಲ್ಲ. ಯಳವತ್ತಿಯ ಮೌನೇಶ ಎಂಬ ಹುಡುಗ ನಿಂತಿದ್ದ.

“ಸರ್ರ, ನನ್ನ ಲಿಸ್ಟಿನ್ಯಾಗ ಏನೂ ಇಲ್ಲರಿ. ಒಂದೂ ಆಯ್ಕೆ ಹಾಕಿಲ್ಲ ಅಂತ ಬರಾಕ ಹತ್ತೇತಿ. ಗುರುವಾರ ನೀವ ಹಾಕೀರಿ.”

“ನಾ ಹಾಕೀನಲೇ. ಕೂತು ಆರು ಹಾಕೀನಿ. ನೆನಪೈತಿ ನನಗ.”

“ಏನೇನು ಹಾಕಿದ್ರಿ?” ಎಂದು ನಡುವೆ ಬಾಯಿ ಹಾಕಿದೆ ನಾನು.

“ಮೊದಲನೇದು ಆಟೊಮೊಬೈಲ್ ರಿ, ವಿಜಯಪುರ. ನಮ್ಮ ಮಾಮಾ ಇರ್ತಾರ ಅಲ್ಲಿ,” ಎಂದ ಮೌನೇಶ.

ಅದು ವಿದ್ಯಾಶ್ರೀಗೆ ಬಂದ ಸೀಟು. ಎಷ್ಟು ಗಂಟೆಗೆ ಬಂದಿದ್ದೆ ಎಂದು ಕೇಳಿದೆ. ಹನ್ನೆರಡರ ಹೊತ್ತಿಗೆ ಎಂದ, ಲಕ್ಷ್ಮೇಶ್ವರದ ಬಸ್ಸಿಳಿದು ಸೀದಾ ಬಂದಿದ್ದನಂತೆ. ಪಾಸ್‌ವರ್ಡ್ ಹಾಕಿದ್ದೆಯಾ, ಓಟಿಪಿ ಬಂದಿತ್ತಾ ಎಂದೆ. ಇಲ್ಲವಂತೆ. ಹಿಂದಿನ ದಿನ ಅವನು ಇದೇ ಅಂಗಡಿಯಲ್ಲಿ ಹೆಸರು ನೋಂದಾಯಿಸಿ ಹೋಗಿದ್ದ. ಗುರುವಾರ ಗೋಪಣ್ಣ ಬ್ರೌಸರ್ ತೆರೆದ ಕೂಡಲೇ ಸೈಟು ನೇರವಾಗಿ ಆಯ್ಕೆಯ ಪುಟಕ್ಕೇ ಬಂತು. ಗೋಪಣ್ಣ ಹಿಗ್ಗಿದನಂತೆ. “ನೋಡಿದ್ಯಾ, ನಿನ್ನೆ ಎಲ್ಲಿ ಬಿಟ್ಟಿದ್ವಿ ಅಲ್ಲಿಂದನ ಶುರು! ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಬೇಕಾಗಿಲ್ಲ!” ಪುಟದಲ್ಲಿ ಮೊದಲೇ ಒಂದಷ್ಟು ಆಯ್ಕೆಗಳಿದ್ದವು. ಇವು ಯಾವುವು ಎಂದು ಗೋಪಣ್ಣ ಕೇಳಿದ್ದಕ್ಕೆ ಮೌನೇಶ ಗೊತ್ತಿಲ್ಲ ಎಂದ. ನಿನ್ನೆ ಸುಮ್ಮನೆ ಹಾಕಿ ನೋಡಿದ್ದಿರಬೇಕು ಎಂದು ಗೋಪಣ್ಣ ಅವನ್ನು ಒಂದೊಂದಾಗಿ ಅಳಿಸಿಹಾಕಿದ. ಪುಟದ ಮೇಲಿನ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರಿತ್ತು. ಸಣ್ಣ ಅಕ್ಷರ ಓದುವ ಕನ್ನಡಕ ಗೋಪಣ್ಣನ ಬಳಿ ಇದೆ, ಪೆಟ್ಟಿಗೆಯಲ್ಲಿ. ಅದು ವಿದ್ಯಾಶ್ರೀಯ ಹೆಸರೇ ಇರಬೇಕು ಎಂದು ನಾನು ಇಬ್ಬರಿಗೂ ಹೇಳಿದೆ, ಅವಳಿಗೆ ಬಂದ ಸೀಟಿನ ಮಾತನ್ನೂ.

“ಅಂದ್ರ ಆ ಹುಡುಗಿಗೆ ನನ್ನ ಆಟೊಮೊಬೈಲ್ ಬಂತೇನ್ರಿ?” ಎಂದ ಮೌನೇಶ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಗೋಪಣ್ಣ ಒಪ್ಪಲಿಲ್ಲ. “ಅದು ಹೆಂಗ ಆಗತೈತ್ರಿ? ನಾ ಬ್ರೌಸರ್ ಮುಚ್ಚಿದ್ನಿ. ಮುಚ್ಚಿದ್ರ ಅಳೀತೈತಿ,” ಎಂದು ನೋಟ್‌ಬುಕ್ಕು ತೆಗೆದು ಕೆಂಪು ಗೆರೆ ತೋರಿಸಿದ. ನಾನು ತನ್ವೀರನಿಗೆ ಫೋನು ಹಚ್ಚಿದೆ. ಅವನು ಹನ್ನೆರಡೂವರೆಗೆ ಬೈಕಿನಲ್ಲಿ ಬಂದ, ಚಪ್ಪಲಿ ಬಿಟ್ಟು ಒಳಗೆ ಕೂತ, ಮೌನೇಶನಿಂದ ಪಾಸ್‌ವರ್ಡ್, ಓಟಿಪಿ ಎರಡನ್ನೂ ಹಾಕಿಸಿ ಅವನ ಖಾತೆ ತೆರೆದ. ಕಾಟು ಒತ್ತಿ ಬ್ರೌಸರ್ ಮುಚ್ಚಿದ. ಮತ್ತೆ ತೆರೆದ. ಮೌನೇಶನ ಪುಟ ಹಾಗೇ ಇತ್ತು, ಮೂಲೆಯಲ್ಲಿ ಮೌನೇಶನ ಹೆಸರೂ ಇತ್ತು.

“ನಿಮ್ಮ ಪುಸ್ತಕದಾಗಿರೂದು ಖರೇನ ಐತ್ರಿ ಕಾಕಾ,” ಎಂದ ತನ್ವೀರ. “ಬ್ರೌಸರ್ ಮುಚ್ಚಿದ್ರ ಆ ಚೀಟಿ ಅಳೀತೈತಿ. ಆದ್ರ ಬಿಟ್ಟಲ್ಲಿಂದ ಶುರು ಮಾಡು ಅಂತ ನೀವ ಹೇಳಿ ಇಡಿಸೀರಿ. ಬಿಟ್ಟಲ್ಲಿಂದ ಶುರು ಮಾಡಬೇಕಂದ್ರ ಅದು ಚೀಟೀನೂ ಇಟ್ಕೊಂಡಿರಬೇಕಲ್ಲ? ಇಟ್ಕೊಂಡೈತಿ. ಸೈಟಿಗೆ ಎದುರಿಗೆ ಯಾರು ಕುಂತಾರ ಗೊತ್ತಾಗಂಗಿಲ್ಲ. ಚೀಟಿ ವಿದ್ಯಾಶ್ರೀದು, ಅದಕ್ಕ ಮೌನೇಶನೂ ವಿದ್ಯಾಶ್ರೀನ. ಒಂದ್ ತಾಸು ಸುಮ್ಮ ಬಿಟ್ಟಿದ್ರ ಸೈಟಿನವರ ಅದನ್ನ ರದ್ದು ಮಾಡ್ತಿದ್ರು. ನೀವು ಅರ್ಧಾ ತಾಸಿನ್ಯಾಗ ಮುಂದಿನವನ್ನ ಕುಂದರಿಸೀರಿ. ಲಾಗ್‌ಔಟ್ ಒತ್ತಿದ್ರ ಇಷ್ಟೆಲ್ಲಾ ಆಗತಿರಲಿಲ್ಲ. ಅವತ್ತ ಹೇಳಿದ್ನಿ.”

ಗೋಪಣ್ಣನ ಕಾಲು ನಿಂತವು. ಹತ್ತು ವರ್ಷದಲ್ಲಿ ಅವನ ಕಾಲು ಸುಮ್ಮನಿದ್ದದ್ದನ್ನು ನಾನು ಆವತ್ತೇ ನೋಡಿದ್ದು.

ಮೌನೇಶನ ಆಯ್ಕೆಗಳನ್ನು ಅಲ್ಲೇ ಹಾಕಿಯಾಯಿತು. ಅವನ ಕೆಲಸ ಸುಲಭ, ಫೋನು ಅವನ ಕೈಯಲ್ಲೇ ಇತ್ತು. ಇನ್ನುಳಿದದ್ದು ಶಂಕ್ರೆವ್ವನ ಸೊಂಟದಲ್ಲಿದ್ದ ಫೋನು. ಗೋಪಣ್ಣ ಅಂಗಿ ಬದಲಿಸಿ ಹೊರಟ, ನಾನೂ ಹಿಂದೆ ಹೋದೆ. ದಾರಿಯುದ್ದಕ್ಕೂ ಅವನು ಏನೋ ಗುನುಗುತ್ತಿದ್ದ. ತಪ್ಪೊಪ್ಪಿಗೆಯ ಮಾತು ಹೊಂದಿಸುತ್ತಿದ್ದಾನೆ ಎಂದುಕೊಂಡೆ. ನಾನು ಎಷ್ಟು ದಡ್ಡಿ!

“ಶಂಕ್ರವ್ವ, ಸರ್ವರ್ ತಪ್ಪು ಆಗೇತಿ,” ಎಂದ ಅವಳ ಹೊಸ್ತಿಲಲ್ಲಿ ನಿಂತು. “ಹುಡುಗೀದೇನೂ ತಪ್ಪಿಲ್ಲ. ಬೆಂಗಳೂರಾಗ ಸರ್ವರ್ ಕೆಟ್ಟಿತ್ತು.”

ಶಂಕ್ರೆವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲಿ ವಿದ್ಯಾಶ್ರೀಯೂ ಕೂತು ಸುತ್ತುತ್ತಿದ್ದಳು, ಕಣ್ಣು ಊದಿದ್ದವು. “ನಿನ್ನೆ ನಿನ್ನ ಕೈಯಾಗ ತಪ್ಪಾಗಂಗಿಲ್ಲ ಅಂದಿ. ಯಾರೋ ಬದಲಿ ಮಾಡ್ಯಾರ ಅಂದಿ. ಇವತ್ತ ಸರ್ವರ್ ಅಂತಿ. ಹುಡುಗಿ ಅತ್ತಾಳಂತ ನಿನಗ ಕರುಣಾ ಬಂದೈತಿ ಯಣ್ಣಾ. ಆಕೀನ ಪಾರು ಮಾಡಾಕ ನೀ ಸುಳ್ಳು ಹೇಳಬ್ಯಾಡ. ಸುಳ್ಳಿಗೆ ಸುಳ್ಳು ಕಲಿಸಿದಂಗ ಆಗತೈತಿ. ಹೋಗು.”

ಹೊರಗೆ ಬಂದ ಮೇಲೆ ಓಣಿಯ ನಡುವೆ ನಿಂತು ನಾನು ಅವನನ್ನು ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯಲಾರೆ. ನಾನು ಶಾಲೆಯಲ್ಲಿ ಕಲಿಸಿದವಳು. ನನ್ನ ದನಿ ಕೇಳಿ ಬನಶಂಕರೆವ್ವ ಹೊರಗೆ ಬಂದಳು, ಸಂಗತಿ ತಿಳಿದಳು, ಗಂಡನನ್ನು ತಣ್ಣಗೆ ನೋಡಿದಳು.

“ಒಮ್ಮಿ ಖರೆ ಹೇಳಿ ನೋಡ್ರಿ,” ಎಂದಳು. “ಮೊದಲನೇ ಸಲ ಅಷ್ಟ ಕಷ್ಟ ಆಗತೈತಿ.”

ಗೋಪಣ್ಣ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದ. ಹೆದರಿದ್ದ, ಪಾಪ. ಅವನ ಬಂಡವಾಳವೇ ಆ ಒಂದು ಮಾತು: ನನ್ನ ಕೈಯಲ್ಲಿ ತಪ್ಪಾಗುವುದಿಲ್ಲ. ಅದನ್ನು ನಂಬಿಯೇ ಜನ ಬಸ್ಸು ಹತ್ತಿ ಬರುತ್ತಾರೆ. ಅದು ಹೋದರೆ ಆ ಹತ್ತು ಅಡಿ ಖೋಲಿಯಲ್ಲಿ ಉಳಿಯುವುದು ಹಳೆಯ ಪ್ರಿಂಟರು ಮಾತ್ರ. ಇದು ನನಗೂ ತಿಳಿಯುತ್ತಿತ್ತು. ಆದರೂ ಗಡಿಯಾರ ನೋಡಿ, “ಎರಡೂವರಿ ಆತು,” ಎಂದೆ.

ಎರಡನೆಯ ಸಲ ಅವನು ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಶಂಕ್ರೆವ್ವನ ಎದುರಿಗೆ ನೆಲದ ಮೇಲೆ ಕೂತ. ಓಣಿಯ ನಾಲ್ಕಾರು ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಅವರಿಗೆಲ್ಲ ಕೇಳುವಂತೆಯೇ ಮಾತಾಡಿದ.

“ತಪ್ಪು ನಂದ ಶಂಕ್ರವ್ವ. ಸರ್ವರಂದಲ್ಲ, ಹುಡುಗೀದಲ್ಲ. ಆಕಿ ನಿನಗ ಖರೇನ ಹೇಳ್ಯಾಳ. ನೀನು ಹೋದಮ್ಯಾಲ ನಾ ಆಕೀ ಖಾತೆ ಕಡೀಬೇಕಿತ್ತು. ಕಡೀಲಿಲ್ಲ. ಮಗ್ಗ ಬರಿದು ಮಾಡಬಾರದು ಅಂತ ನಮ್ಮಪ್ಪ ಹೇಳಿದ್ದ ನೋಡು, ಅದನ್ನ ಕಂಪ್ಯೂಟರಿಗೂ ಹಚ್ಚಿದ್ನಿ. ಆಕೀ ಹಾಸಿನ ತುದಿ ಹಂಗ ಇತ್ತು. ಯಳವತ್ತಿ ಹುಡುಗ ಬಂದ. ಅವಂದನ್ನ ತಂದು ಆಕೀದಕ್ಕ ಕೆಚ್ಚಿಬಿಟ್ನಿ. ಎಲೆಕ್ಟ್ರಾನಿಕ್ಸ್ ತಗದು ಅವನ ಆಟೊಮೊಬೈಲ್ ಹಾಕೀನಿ. ನನ್ನ ಕೈಯಾರೆ ಹಾಕೀನಿ.”

ಶಂಕ್ರೆವ್ವನ ಕೈ ನಿಂತಿತು. ಕಂಪ್ಯೂಟರಿನ ವಿಷಯ ಅವಳಿಗೆ ತಿಳಿಯದು. ಆದರೆ ಈ ಊರಿನಲ್ಲಿ ಕೆಚ್ಚುವುದರ ಬಗ್ಗೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಕೆಚ್ಚೂಮುಂದ ಯಾರ ಹಾಸು ಅಂತ ನೋಡಬೇಕೋ ಬ್ಯಾಡೋ?” ಎಂದಳು.

“ನೋಡಬೇಕಿತ್ತು.”

“ಇಪ್ಪತ್ತು ವರ್ಷ ನಿನ್ನ ಮಗ್ಗಕ್ಕ ಕೆಚ್ಚೀನಿ. ಒಂದ್ ಎಳಿ ತಪ್ಪಿದ್ರ ಗೇಣ ಬಿಚ್ಚಿಸ್ತಿದ್ದಿ ನೀನು.”

“ಬಿಚ್ಚಿಸ್ತಿದ್ನಿ.”

“ನಿನ್ನೆ ಅಷ್ಟು ಮಂದಿ ಎದುರಿಗೆ ನನ್ನ ಮಗಳನ್ನ...” ಎಂದು ಶಂಕ್ರೆವ್ವ ನಿಲ್ಲಿಸಿದಳು. ಮುಂದಿನ ಮಾತು ತನಗೂ ತಾಗುತ್ತದೆ ಎಂದು ಅವಳಿಗೆ ಹೊಳೆದಿರಬೇಕು. ನನಗೂ ತಾಗುತ್ತಿತ್ತು. ನಾನು ನೆಲ ನೋಡಿದೆ.

“ಅಷ್ಟ ಮಂದಿ ಎದುರಿಗೆ ಮತ್ತ ಹೇಳ್ತೀನಿ. ಬಾ,” ಎಂದ ಗೋಪಣ್ಣ.

ಹೇಳಿದ. ಅಂಗಡಿಯ ಸರದಿಯಲ್ಲಿ ಆಗ ಏಳು ಜನರಿದ್ದರು. ತಪ್ಪು ತನ್ನದೆಂದು ಹೇಳಿದ್ದಷ್ಟೇ ಅಲ್ಲ, ತನ್ವೀರ ಮಾಡಿ ತೋರಿಸಿದ್ದನ್ನು ತಾನೇ ಮಾಡಿ ತೋರಿಸಿದ. ಶಂಕ್ರೆವ್ವ ಸೊಂಟದಿಂದ ತೆಗೆದುಕೊಟ್ಟ ಫೋನಿನ ಓಟಿಪಿ ಹಾಕಿ ವಿದ್ಯಾಶ್ರೀಯ ಖಾತೆ ತೆರೆದು, ಬ್ರೌಸರ್ ಮುಚ್ಚಿ, ಮತ್ತೆ ತೆರೆದು, “ನೋಡ್ರಿ, ಹೋಗಿಲ್ಲ,” ಎಂದ. ಸರದಿಯಲ್ಲಿದ್ದ ಇಬ್ಬರು ತಮ್ಮ ಕಾಗದಪತ್ರ ತೆಗೆದುಕೊಂಡು ಸುಮ್ಮನೆ ಎದ್ದು ಹೋದರು. ಗೋಪಣ್ಣ ಅವರ ಬೆನ್ನನ್ನು ನೋಡಿದ. ಒಬ್ಬ ಮನುಷ್ಯ ತನ್ನ ಅನ್ನದ ಬುಡಕ್ಕೆ ತಾನೇ ಕೊಡಲಿ ಹಾಕಿಕೊಳ್ಳುವುದನ್ನು ನೋಡುವುದು ಸುಲಭವಲ್ಲ, ಅವನು ಎಷ್ಟೇ ತಲೆಹರಟೆಯಾಗಿರಲಿ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವಾರ ಅರ್ಜಿ ತುಂಬಿಸಿದ ಹನ್ನೊಂದು ಮಕ್ಕಳಿಗೂ ಅವನು ಫೋನು ಮಾಡಿ ಪಟ್ಟಿ ನೋಡಿಕೊಳ್ಳಿ ಎಂದ. ಬೇರೆ ಯಾರದೂ ಕೆಟ್ಟಿರಲಿಲ್ಲ. ತನ್ವೀರ ಆ ಸೆಟ್ಟಿಂಗ್ ತೆಗೆದುಹಾಕಿದ. ಈಗ ಬ್ರೌಸರ್ ದಿನಾಲು ಖಾಲಿಯಾಗಿಯೇ ತೆರೆಯುತ್ತದೆ, ಗೋಪಣ್ಣ ಅದನ್ನು ನೋಡಿ ಒಂದು ಕ್ಷಣ ಮುಖ ಸಿಂಡರಿಸುತ್ತಾನೆ. ಜನ ಸ್ವಲ್ಪ ಕಡಿಮೆಯಾದರು, ಮತ್ತೆ ಬಂದರು. ತಪ್ಪೊಪ್ಪಿಕೊಳ್ಳುವ ಅಂಗಡಿ ಊರಿಗೊಂದೇ ಎಂದು ಕಣಗಿನಹಾಳದ ಒಬ್ಬ ಗಿರಾಕಿ ಹೇಳಿದ್ದು ಅವನ ಕಿವಿಗೆ ಬಿದ್ದು, ಈಗ ಅದಕ್ಕೂ ಜಂಬ ಪಡುತ್ತಾನೆ. ಇಂಥವನನ್ನು ಏನು ಮಾಡಬೇಕು? ಮೌನೇಶ ವಿಜಯಪುರಕ್ಕೆ ಹೋದ. ವಿದ್ಯಾಶ್ರೀಗೆ ಗದಗಿನಲ್ಲೇ ಎಲೆಕ್ಟ್ರಾನಿಕ್ಸ್ ಸಿಕ್ಕಿತು.

ಆದರೆ ಆ ಮಂಗಳವಾರ ಇದ್ಯಾವುದೂ ಗೊತ್ತಿರಲಿಲ್ಲ. ಗಂಟೆ ನಾಲ್ಕಾಗಿತ್ತು. ಆಯ್ಕೆಗಳನ್ನು ವಿದ್ಯಾಶ್ರೀಯೇ ಕೂತು ಹಾಕಿದಳು, ಗೋಪಣ್ಣ ಪೆಟ್ಟಿಗೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ಹಿಂದೆ ನಿಂತು ಒಂದೊಂದನ್ನೂ ಗಟ್ಟಿಯಾಗಿ ಓದಿದ. ಆಯ್ಕೆಗಳು ಉಳಿದವು, ದಾಖಲಾದ ಸಂದೇಶ ಶಂಕ್ರೆವ್ವನ ಫೋನಿಗೆ ಬಂತು. ಎಲ್ಲರೂ ಉಸಿರು ಬಿಟ್ಟೆವು. ಶಂಕ್ರೆವ್ವ ಮಾತ್ರ ಕದಲಲಿಲ್ಲ.

“ಈಕೀ ಹೆಸರು ಎಲ್ಲೈತಿ ಅದರಾಗ?” ಎಂದಳು.

ಗೋಪಣ್ಣ ಮೂಲೆಯನ್ನು ಬೆರಳಿನಿಂದ ತೋರಿಸಿದ.

“ತಗಿ ಅದನ್ನ.”

ಅವನು ಲಾಗ್‌ಔಟ್ ಒತ್ತಿದ.

“ಈಗ ಮುಚ್ಚು. ಮತ್ತ ತಗಿ.”

ಅವನು ಮುಚ್ಚಿದ, ತೆರೆದ. “ಹೋಗೇತಿ ಶಂಕ್ರವ್ವ,” ಎಂದ.

“ನಿನ್ನ ಕೇಳಲಿಲ್ಲ ಯಣ್ಣಾ,” ಎಂದು ಶಂಕ್ರೆವ್ವ ನನ್ನ ಕಡೆಗೂ ನೋಡದೆ ಮಗಳ ಕಡೆ ತಿರುಗಿದಳು. “ನೀ ಹೇಳವಾ. ಹೋಗೇತೇನು?”

ವಿದ್ಯಾಶ್ರೀ ಪರದೆ ನೋಡಿದಳು. “ಹೋಗೇತಿ ಯವ್ವಾ.”

“ನೀ ಅಂದ್ರ ಆತು,” ಎಂದಳು ಶಂಕ್ರೆವ್ವ. ಬಾಗಿಲಿಗೆ ಹೋಗಿ ಮಗಳ ಚಪ್ಪಲಿಯನ್ನು ತಾನೇ ಬಗ್ಗಿ ಸರಿಮಾಡಿ ಇಟ್ಟಳು. “ನಡಿ, ಉಣ್ಣೂಣು. ನಿನ್ನಿಂದ ನಾನೂ ಉಂಡಿಲ್ಲ.”